ಕೇಳುವವನ ಧರ್ಮ

ನಾವು ‘ಗೊತ್ತು’ ಎಂದು ಹೇಳಿಕೊಳ್ಳುವ ಸಂಗತಿಗಳಲ್ಲಿ ಕಣ್ಣಾರೆ ಕಂಡವು ಎಷ್ಟು, ಕೇಳಿದವು ಎಷ್ಟು ಎಂದು ಲೆಕ್ಕ ಹಾಕಿದರೆ ಕಂಡವುಗಳ ಪಾಲು ತೀರ ಅಲ್ಪವೆಂದು ತಿಳಿಯುತ್ತದೆ. ದೆಹಲಿಯ ಸಂಸತ್ತಿನಲ್ಲಿ ನಡೆದ ಚರ್ಚೆಯನ್ನು ನಾವು ಕಂಡವರಲ್ಲ. ತಿರುವನಂತಪುರದಲ್ಲಿ ಆಗುವ ತೀರ್ಮಾನವಾಗಲಿ, ಬೆಂಗಳೂರಿನಲ್ಲಿ ಆಗುವ ತೀರ್ಮಾನವಾಗಲಿ ನಮ್ಮೆದುರು ಆಗುವುದಿಲ್ಲ. ದೂರದ ಮಾತು ಹಾಗಿರಲಿ, ಕೂಗಳತೆಯಲ್ಲಿರುವ ನೆರೆಯ ಮತದವರ ಪ್ರಾರ್ಥನಾ ಮಂದಿರದೊಳಗೆ ಏನನ್ನು ಓದುತ್ತಾರೆ, ಏನನ್ನು ಬೇಡುತ್ತಾರೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಹೋಗಿ ನೋಡಿದ್ದೇವೆ? ಆದರೂ ಈ ಎಲ್ಲ ವಿಷಯಗಳಲ್ಲಿ ನಮಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಅವುಗಳಿಗಾಗಿ ನಾವು ವಾದಿಸುತ್ತೇವೆ, ಮತ ಹಾಕುತ್ತೇವೆ, ಕೆಲವೊಮ್ಮೆ ಹಳೆಯ ಸ್ನೇಹಗಳನ್ನೂ ಕಳೆದುಕೊಳ್ಳುತ್ತೇವೆ. ಈ ಅಭಿಪ್ರಾಯಗಳು ಎಲ್ಲಿಂದ ಬಂದವು, ಅವುಗಳಿಗೆ ಹೊಣೆ ಯಾರು ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಮಾಧ್ಯಮಗಳ ಹೊಣೆಯ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಸಂಪಾದಕನ ಧರ್ಮ, ವರದಿಗಾರನ ಧರ್ಮ, ವಾಹಿನಿಗಳ ಲಾಭಕೋರತನ ಇವು ನಮ್ಮ ವಿಚಾರಗೋಷ್ಠಿಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳು. ಆ ಚರ್ಚೆ ಬೇಕಾದುದೇ. ಆದರೆ ಸುದ್ದಿಗೆ ಹೇಳುವವನಿರುವಂತೆ ಕೇಳುವವನೂ ಇದ್ದಾನೆ. ಕೊಳ್ಳುವವನಿಲ್ಲದ ಸಂತೆಯಲ್ಲಿ ಮಾರುವವನು ಎಷ್ಟು ದಿನ ಕುಳಿತಾನು? ಕೇಳುವವನಿಗೂ ಒಂದು ಧರ್ಮವಿದೆಯೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ವಿಶೇಷವಾಗಿ ಗಡಿನಾಡಿನಲ್ಲಿರುವ ನಮಗೆ ಆ ಧರ್ಮ ಇತರರಿಗಿಂತ ಹೆಚ್ಚು ಸ್ಪಷ್ಟವಾಗಿ ಕಾಣಬೇಕೆಂಬುದು ನಮ್ಮ ನಂಬಿಕೆ.

ನಮ್ಮ ನೈಯಾಯಿಕರು ಜ್ಞಾನಕ್ಕೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದರು. ಕೇಳಿ ತಿಳಿಯುವುದನ್ನು ಅವರು ಕೀಳುಗಳೆಯಲಿಲ್ಲ. ಅದೂ ಒಂದು ಪ್ರಮಾಣವೇ ಎಂದರು. ಆದರೆ ಯಾರ ಮಾತಾದರೂ ಪ್ರಮಾಣವಾಗುವುದಿಲ್ಲ, ಆಪ್ತನ ಮಾತು ಮಾತ್ರ ಪ್ರಮಾಣ ಎಂಬ ಕಟ್ಟು ಹಾಕಿದರು. ಆಪ್ತನೆಂದರೆ ನಮಗೆ ಬೇಕಾದವನು, ನಮ್ಮ ಬಳಗದವನು ಎಂದು ಇಂದು ನಾವು ಅರ್ಥ ಮಾಡುತ್ತೇವೆ. ಅವರ ಅರ್ಥ ಬೇರೆ. ವಸ್ತುವನ್ನು ಇದ್ದಂತೆ ತಿಳಿದವನೂ, ತಿಳಿದುದನ್ನು ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನೂ ಆದವನೇ ಆಪ್ತ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಹೇಳಿದ್ದಾನೆ. ಸಾಕ್ಷಿಯ ಯೋಗ್ಯತೆಯನ್ನು ಅವನ ಕುಲದಿಂದ ಅಳೆಯಬಾರದು, ಅವನ ತಿಳಿವಳಿಕೆಯಿಂದಲೂ ಉದ್ದೇಶದಿಂದಲೂ ಅಳೆಯಬೇಕು ಎಂಬ ಈ ಮಾತು ಸಾವಿರದ ಐನೂರು ವರ್ಷಗಳಷ್ಟು ಹಳೆಯದು. ಇಂದು ನಾವು ಸುದ್ದಿಯನ್ನು ಹೇಗೆ ತೂಗುತ್ತೇವೆ? ಹೇಳಿದವನು ನಮ್ಮವನಾದರೆ ನಿಜ, ಅವರವನಾದರೆ ಸುಳ್ಳು. ತಕ್ಕಡಿಯೇ ತಲೆಕೆಳಗಾಗಿದೆ.

ಪತ್ರಿಕೆಗೂ ಮತಧರ್ಮಕ್ಕೂ ಇರುವ ನಂಟು ಈಚಿನದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದಿತು. ಹೊರತಂದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಅದಾಗಿ ನಾಲ್ಕು ವರ್ಷಕ್ಕೆ, 1847ರಲ್ಲಿ, ಮಲಯಾಳದ ಮೊದಲ ಪತ್ರಿಕೆಯಾದ ‘ರಾಜ್ಯಸಮಾಚಾರಂ’ ತಲಶ್ಶೇರಿಯ ಬಳಿ ಅದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರಿಂದ ಹೊರಟಿತು. ಉತ್ತರದಿಂದ ಮಂಗಳೂರಿನ ಕನ್ನಡವೂ ದಕ್ಷಿಣದಿಂದ ತಲಶ್ಶೇರಿಯ ಮಲಯಾಳವೂ ಬಂದು ಸೇರುವ ಕಾಸರಗೋಡಿನ ನಮಗೆ, ನಾವು ಓದುವ ಎರಡೂ ಭಾಷೆಗಳ ಪತ್ರಿಕೋದ್ಯಮ ಒಂದೇ ಮನೆಯಲ್ಲಿ ಹುಟ್ಟಿತೆಂಬುದು ಸ್ವಾರಸ್ಯದ ಸಂಗತಿ. ಆ ಪತ್ರಿಕೆಗಳನ್ನು ಹೊರಡಿಸಿದವರ ಉದ್ದೇಶ ಗುಟ್ಟಾಗಿರಲಿಲ್ಲ. ಓದುವವನಿಗೆ ಇದು ಪಾದ್ರಿಗಳ ಪತ್ರಿಕೆಯೆಂದು ಗೊತ್ತಿತ್ತು. ಊರ ವರ್ತಮಾನವನ್ನೂ ಸರಕಾರದ ಆಜ್ಞೆಗಳನ್ನೂ ತೆಗೆದುಕೊಂಡು, ಉಳಿದುದನ್ನು ತನ್ನ ವಿವೇಕಕ್ಕೆ ತಕ್ಕಂತೆ ಒಪ್ಪುವುದೋ ಬಿಡುವುದೋ ಮಾಡಬಹುದಾಗಿತ್ತು. ಹೇಳುವವನ ಉದ್ದೇಶ ತಿಳಿದಿದ್ದರೆ ಕೇಳುವವನಿಗೆ ಅರ್ಧ ರಕ್ಷಣೆ ಸಿಕ್ಕಿದಂತೆ. ಇಂದು ಒಂದು ವಾಹಿನಿಯ ಹಿಂದೆ ಯಾರ ಹಣವಿದೆ, ಯಾವ ಪಕ್ಷದ ನೆರಳಿದೆ, ಯಾವ ಜಾಹೀರಾತಿನ ಒತ್ತಡವಿದೆ ಎಂಬುದು ತೆರೆಯ ಮೇಲೆ ಬರೆದಿರುವುದಿಲ್ಲ. ಎಲ್ಲರೂ ತಾವು ಸತ್ಯದ ಪಕ್ಷದವರೆಂದೇ ಹೇಳಿಕೊಳ್ಳುತ್ತಾರೆ.

ಸುಳ್ಳು ಸುದ್ದಿಯ ಅಪಾಯ ಎಲ್ಲರಿಗೂ ತಿಳಿದದ್ದೇ. ಆದರೆ ಒಂದೂ ಸುಳ್ಳನ್ನು ಹೇಳದೆ ತಪ್ಪು ತಿಳಿವಳಿಕೆಯನ್ನು ಉಂಟುಮಾಡುವುದು ಸಾಧ್ಯವೆಂಬುದನ್ನು ನಾವು ಗಮನಿಸುವುದು ಕಡಿಮೆ. ನಮ್ಮ ಕಾಸರಗೋಡನ್ನೇ ತೆಗೆದುಕೊಳ್ಳೋಣ. ಸಪ್ತಭಾಷಾ ಸಂಗಮಭೂಮಿಯೆಂದು ಹೆಸರಾದ ನಾಡು ಇದು. ಮಧೂರಿನ ದೇವಾಲಯ, ತಳಂಗರೆಯ ಮಾಲಿಕ್ ದೀನಾರ್ ಮಸೀದಿ, ಬೇಳದ ಇಗರ್ಜಿ ಒಂದರಿಂದ ಒಂದು ಬಹಳ ದೂರದಲ್ಲಿಲ್ಲ. ತುಳುವರ ಪಾಡ್ದನಗಳು ಕಡಲಿನ ದೈವ ಬಬ್ಬರ್ಯನನ್ನು ಬ್ಯಾರಿ ವರ್ತಕನ ಮಗನೆಂದು ಹಾಡುತ್ತವೆ. ಕುಂಬಳೆಯ ಬಳಿಯ ಆರಿಕ್ಕಾಡಿಯಲ್ಲಿ ಆಲಿ ಭೂತಕ್ಕೆ ಕೋಲ ನಡೆಯುತ್ತದೆ. ಕೋಲವಾಗಲಿ ಉರೂಸಾಗಲಿ ಶಾಂತವಾಗಿ ನಡೆದು ಜನ ಉಂಡು ಮನೆಗೆ ಮರಳಿದರೆ ಅದು ಸ್ಥಳೀಯ ಪುಟದ ಮೂಲೆಯಲ್ಲಿ ಎರಡು ಸಾಲಾದೀತು. ಅದೇ ಊರಿನಲ್ಲಿ ಇಬ್ಬರು ಪೋಕರಿಗಳು ಬಡಿದಾಡಿಕೊಂಡು, ಅವರ ಹೆಸರುಗಳು ಬೇರೆ ಬೇರೆ ಮತದವಾಗಿದ್ದರೆ, ಅದು ಮುಖಪುಟಕ್ಕೆ ಏರುತ್ತದೆ. ಎರಡು ವರದಿಗಳೂ ನಿಜವೇ. ಆದರೆ ದೂರದ ವಿಜಯಪುರದಲ್ಲಿಯೋ ಇಡುಕ್ಕಿಯಲ್ಲಿಯೋ ಕುಳಿತು ಹತ್ತು ವರ್ಷ ಪತ್ರಿಕೆ ಓದಿದವನ ಮನಸ್ಸಿನಲ್ಲಿ ಕಾಸರಗೋಡೆಂದರೆ ಹೊಡೆದಾಟದ ಊರೆಂಬ ಚಿತ್ರವೇ ನಿಲ್ಲುತ್ತದೆ. ಹತ್ತು ವರ್ಷಗಳ ನಿಜಗಳು ಸೇರಿ ಒಂದು ಸುಳ್ಳಾದವು. ಇದರಲ್ಲಿ ಯಾರದೇ ಕುತಂತ್ರವಿರಬೇಕೆಂದಿಲ್ಲ. ಸಾಮರಸ್ಯವು ಪ್ರತಿದಿನದ್ದಾದುದರಿಂದ ಅದು ಸುದ್ದಿಯಲ್ಲ. ಜಗಳ ಅಪರೂಪವಾದುದರಿಂದ ಅದು ಸುದ್ದಿ. ಅಪರೂಪವಾದುದನ್ನೇ ಪ್ರತಿದಿನ ಓದುವವನು ಅದನ್ನೇ ದಿನನಿತ್ಯದ್ದೆಂದು ಭ್ರಮಿಸುತ್ತಾನೆ. ಈ ಭ್ರಮೆಯನ್ನು ತಿದ್ದಿಕೊಳ್ಳುವ ಕೆಲಸ ಪತ್ರಿಕೆಯಿಂದ ಆಗದು, ಓದುವವನೇ ಮಾಡಿಕೊಳ್ಳಬೇಕು.

ಇನ್ನು ಒಂದೇ ಸಂಗತಿ ಎರಡು ಬಗೆಯ ಶೀರ್ಷಿಕೆಗಳಲ್ಲಿ ಹೇಗೆ ಎರಡಾಗುತ್ತದೆಂಬುದಕ್ಕೆ ನಮ್ಮ ಎಡನೀರು ಮಠದ ಮೊಕದ್ದಮೆ ಒಳ್ಳೆಯ ಉದಾಹರಣೆ. ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣೆಯ ಕಾನೂನಿನಿಂದ ಮಠದ ಆಸ್ತಿಗೆ ಒದಗಿದ ಸ್ಥಿತಿಯನ್ನು ಪ್ರಶ್ನಿಸಿ 1970ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಹದಿಮೂರು ನ್ಯಾಯಮೂರ್ತಿಗಳ ಪೀಠ ಅರುವತ್ತೆಂಟು ದಿನ ವಾದ ಆಲಿಸಿ 1973ರ ಏಪ್ರಿಲ್ 24ರಂದು 7-6ರ ಬಹುಮತದಿಂದ ತೀರ್ಪು ನೀಡಿತು. ಸಂವಿಧಾನವನ್ನು ತಿದ್ದುವ ಅಧಿಕಾರ ಸಂಸತ್ತಿಗೆ ಇದೆ, ಆದರೆ ಅದರ ಮೂಲ ರಚನೆಯನ್ನು ಕೆಡಿಸುವ ಅಧಿಕಾರವಿಲ್ಲ ಎಂಬ ತತ್ತ್ವ ಅಲ್ಲಿ ನೆಲೆಗೊಂಡಿತು. ಇದನ್ನು ‘ಸಂವಿಧಾನವನ್ನು ಉಳಿಸಿದ ಸನ್ಯಾಸಿ’ ಎಂದು ಬರೆದರೆ ತಪ್ಪಲ್ಲ. ‘ಗೇಣಿದಾರರಿಗೆ ಭೂಮಿ ಕೊಡುವ ಕಾನೂನನ್ನು ವಿರೋಧಿಸಿದ ಮಠ’ ಎಂದು ಬರೆದರೂ ಅದರಲ್ಲಿ ಸತ್ಯಾಂಶವಿದೆ. ಮೊದಲನೆಯದನ್ನು ಮಾತ್ರ ಓದಿದವನು ಸ್ವಾಮಿಗಳು ಗೆದ್ದರೆಂದೇ ತಿಳಿಯುತ್ತಾನೆ. ಅವರು ಕೇಳಿದ್ದ ಪರಿಹಾರ ಮಠಕ್ಕೆ ದೊರೆಯಲಿಲ್ಲವೆಂಬುದು ಅವನಿಗೆ ತಿಳಿಯದು. ಎರಡನೆಯದನ್ನು ಮಾತ್ರ ಓದಿದವನಿಗೆ, ಇಂದು ತಾನು ಅನುಭವಿಸುವ ಹಕ್ಕುಗಳಿಗೆ ಆ ಮೊಕದ್ದಮೆ ಎಂತಹ ಬೇಲಿಯಾಗಿ ನಿಂತಿದೆಯೆಂಬುದು ಹೊಳೆಯದು. ಮತ, ಭೂಮಿ, ರಾಜಕೀಯ, ಕಾನೂನು ಈ ನಾಲ್ಕೂ ಹೆಣೆದುಕೊಂಡ ಸಂಗತಿಯನ್ನು ಒಂದು ಸಾಲಿನ ಶೀರ್ಷಿಕೆಯೊಳಗೆ ತುಂಬಲಾಗದು. ಶೀರ್ಷಿಕೆಯನ್ನಷ್ಟೇ ಓದಿ ಪಕ್ಷ ಕಟ್ಟುವವನು ಸಂಗತಿಯ ಪಕ್ಷದಲ್ಲಿ ನಿಂತಿರುವುದಿಲ್ಲ.

ಇವು ಸಮಾಧಾನದಿಂದ ಚರ್ಚಿಸಬಹುದಾದ ಮಾತುಗಳು. 2020ರ ಮಾರ್ಚ್ ಕೊನೆಯಲ್ಲಿ ಆದುದು ಹಾಗಲ್ಲ. ಕೊರೊನಾ ಕಾಣಿಸಿಕೊಂಡು ತಲಪಾಡಿಯ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣಿನ ರಾಶಿ ಬಿತ್ತು. ತಲೆಮಾರುಗಳಿಂದ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ಅತ್ತ ಹೋಗಲಾರದಾದರು. ಸಮಯಕ್ಕೆ ಆಸ್ಪತ್ರೆ ಸೇರಲಾಗದೆ ಹಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬೇಕಾಯಿತು. ಆ ದಿನಗಳಲ್ಲಿ ಎರಡು ಭಾಷೆಗಳ ವಾರ್ತೆಗಳನ್ನು ಕೇಳಿದ ನಮಗೆ ಎರಡು ಬೇರೆ ಲೋಕಗಳನ್ನು ಕಂಡಂತಾಯಿತು. ಕನ್ನಡದ ಹಲವು ವಾರ್ತೆಗಳಲ್ಲಿ ಕಾಸರಗೋಡು ರೋಗದ ಕಣಜವಾಗಿತ್ತು. ಅಲ್ಲಿ ಲಕ್ಷಾಂತರ ಕನ್ನಡಿಗರೂ ತುಳುವರೂ ಬದುಕಿದ್ದಾರೆಂಬ ನೆನಪು ಇದ್ದಂತೆ ತೋರಲಿಲ್ಲ. ಮಲಯಾಳದ ಹಲವು ವಾರ್ತೆಗಳಲ್ಲಿ ಕರ್ನಾಟಕವೆಂದರೆ ಕರುಣೆಯಿಲ್ಲದ ನಾಡಾಗಿತ್ತು; ಗಡಿಯಾಚೆಯ ಜನರ ಭಯಕ್ಕೂ ಕಾರಣಗಳಿದ್ದವೆಂಬುದನ್ನು ಹೇಳುವವರು ವಿರಳ. ಒಂದರ ಖಳನಾಯಕ ಇನ್ನೊಂದರಲ್ಲಿ ನಿರಪರಾಧಿ. ಮೊದಲ ಅಲೆಯಲ್ಲಿ ಸೋಂಕು ತಗಲಿದ ನಮ್ಮ ಜಿಲ್ಲೆಯವರೆಲ್ಲ ಒಂದು ಸಾವೂ ಇಲ್ಲದೆ ಗುಣವಾದರೆಂಬ ಸಂಗತಿ ಮೇ ತಿಂಗಳಲ್ಲಿ ಬಂದಾಗ ಮೊದಲಿನ ಗದ್ದಲಕ್ಕೆ ಸಿಕ್ಕ ಜಾಗದ ಹತ್ತರಲ್ಲೊಂದು ಪಾಲೂ ಅದಕ್ಕೆ ಸಿಗಲಿಲ್ಲ.

ಅದೇ ವಾರಗಳಲ್ಲಿ ದೇಶದಾದ್ಯಂತ ದೆಹಲಿಯ ತಬ್ಲೀಗಿ ಸಮಾವೇಶದ ಸುದ್ದಿ ತುಂಬಿಕೊಂಡಿತು. ರೋಗದ ಹೊತ್ತಿನಲ್ಲಿ ಗುಂಪು ಸೇರುವುದು ತಪ್ಪು, ಆ ತಪ್ಪನ್ನು ವರದಿ ಮಾಡುವುದು ಪತ್ರಿಕೆಯ ಕರ್ತವ್ಯ. ಆದರೆ ಕೆಲವೇ ದಿನಗಳಲ್ಲಿ ವರದಿ ಸಮಾವೇಶದಿಂದ ಸಮುದಾಯಕ್ಕೆ ಹಬ್ಬಿತು. ತಬ್ಲೀಗಿ ಎಂಬ ಶಬ್ದವನ್ನೇ ಕೇಳದಿದ್ದ ಹಳ್ಳಿಗಳಲ್ಲಿ ತರಕಾರಿ ಮಾರುವವನ ಹೆಸರು ಕೇಳಿ ಕೊಳ್ಳುವುದನ್ನು ಬಿಟ್ಟವರಿದ್ದರು. ಆ ಆಗಸ್ಟ್ ತಿಂಗಳಲ್ಲಿ ಬೊಂಬಾಯಿ ಹೈಕೋರ್ಟಿನ ಔರಂಗಾಬಾದ್ ಪೀಠವು ಸಮಾವೇಶಕ್ಕೆ ಬಂದಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಪತ್ರಿಕೆಗಳಲ್ಲಿಯೂ ವಾಹಿನಿಗಳಲ್ಲಿಯೂ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತೆಂದೂ ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತೆ ಕಾಣುವುದೆಂದೂ ಹೇಳಿತು. ತೀರ್ಪು ಬರುವಷ್ಟರಲ್ಲಿ ತರಕಾರಿಯವನ ನಷ್ಟ ನಷ್ಟವಾಗಿಯೇ ಹೋಗಿತ್ತು. ಗಡಿಯಾಚೆಯವರು ನಮ್ಮನ್ನು ‘ಕಾಸರಗೋಡಿನವರು’ ಎಂಬ ಒಂದೇ ಹೆಸರಿನಿಂದ ಅಳೆದಾಗ ನಮಗೆ ನೋವಾಯಿತು. ಅದೇ ಹೊತ್ತಿನಲ್ಲಿ ನಮ್ಮಲ್ಲಿಯೇ ಕೆಲವರು ನೆರೆಯವರನ್ನು ಒಂದೇ ಹೆಸರಿನಿಂದ ಅಳೆದರು. ನೋವು ತಿಂದವನು ನೋವು ಮಾಡಲಾರನೆಂಬುದು ನಿಜವಲ್ಲವೆಂದು ಆಗ ತಿಳಿಯಿತು.

ಇಲ್ಲಿ ಒಂದು ಕಠಿಣ ಪ್ರಶ್ನೆ ಬರುತ್ತದೆ. ಗಲಭೆಯ ವರದಿಯಲ್ಲಿ ಕೋಮಿನ ಹೆಸರು ಹೇಳಬೇಕೇ, ಬಾರದೇ? ‘ಎರಡು ಗುಂಪುಗಳ ನಡುವೆ ಘರ್ಷಣೆ’ ಎಂದಷ್ಟೇ ಬರೆದು ಹೆಸರು ಬಿಡುವ ಪದ್ಧತಿ ನಮ್ಮ ಪತ್ರಿಕೆಗಳಲ್ಲಿ ಬಹುಕಾಲ ನಡೆದುಬಂದಿದೆ. ಹೆಸರು ಹೇಳಿದರೆ ಕಿಡಿ ಮುಂದಿನ ಊರಿಗೆ ಹಾರೀತೆಂಬ ಕಾಳಜಿ ಅದರ ಹಿಂದಿದೆ. ಇದಕ್ಕೆ ಎದುರಾಗಿ, ಹೆಸರು ಮುಚ್ಚಿಟ್ಟಷ್ಟೂ ಗಾಳಿಸುದ್ದಿಗೆ ಅನುಕೂಲ, ಜನರನ್ನು ಮಕ್ಕಳಂತೆ ಕಾಣಬಾರದು ಎನ್ನುವವರಿದ್ದಾರೆ. ಎರಡು ವಾದಗಳಲ್ಲಿಯೂ ಬಲವಿದೆ. ಆದರೆ ಹೆಸರು ಬಿಟ್ಟ ವರದಿಯನ್ನು ಓದಿದಾಗ ನಾವು ಮಾಡುವ ಮೊದಲ ಕೆಲಸವೇನು? ಊರಿನ ಹೆಸರು, ಬೀದಿಯ ಹೆಸರು, ಗಾಯಾಳುವಿನ ವೃತ್ತಿ ಇವುಗಳಿಂದ ಕೋಮನ್ನು ಊಹಿಸುವುದು. ಯಾರಿಗೆ ಎಷ್ಟು ಪೆಟ್ಟಾಯಿತು, ಆಸ್ಪತ್ರೆಯಲ್ಲಿ ಹೇಗಿದ್ದಾರೆ ಎಂಬುದು ಆಮೇಲಿನ ಮಾತು. ಹೆಸರನ್ನು ಅಚ್ಚು ಹಾಕುವುದೋ ಬಿಡುವುದೋ ಸಂಪಾದಕನ ಕೈಯಲ್ಲಿದೆ. ಹೆಸರಿಗಾಗಿ ಹಸಿಯುವ ಮನಸ್ಸು ಮಾತ್ರ ನಮ್ಮದು.

ಮೊಬೈಲ್ ಬಂದ ಮೇಲೆ ಕೇಳುವವನಿಗೂ ಹೇಳುವವನಿಗೂ ಇದ್ದ ಅಂತರವೇ ಅಳಿಸಿಹೋಗಿದೆ. ಹಿಂದೆ ಸುಳ್ಳನ್ನು ನಂಬಿದವನು ತನ್ನ ಮಟ್ಟಿಗೆ ಕೆಡುತ್ತಿದ್ದ, ಹೆಚ್ಚೆಂದರೆ ಚಹಾದಂಗಡಿಯ ನಾಲ್ವರಿಗೆ ಹೇಳುತ್ತಿದ್ದ. ಇಂದು ಹೆಬ್ಬೆರಳಿನ ಒಂದು ಒತ್ತಿಗೆ ಅದು ನೂರು ಮನೆಗಳನ್ನು ಮುಟ್ಟುತ್ತದೆ. 2018ರ ಜುಲೈ ತಿಂಗಳಲ್ಲಿ ನಮ್ಮಂತೆಯೇ ಗಡಿಯ ಜಿಲ್ಲೆಯಾದ ಬೀದರಿನ ಔರಾದ ತಾಲೂಕಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕರು ಮಕ್ಕಳಿಗೆ ಚಾಕಲೇಟು ಕೊಟ್ಟದ್ದನ್ನು ಕಂಡು ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್ ಮೂಲಕ ಹಬ್ಬಿತು. ಅವರ ಕಾರು ಮುರ್ಕಿ ಗ್ರಾಮವನ್ನು ತಲಪುವ ಮೊದಲೇ ಸುದ್ದಿ ತಲಪಿತ್ತು. ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವಕ ಸತ್ತ. ಹೊಡೆದವರ ಮೇಲೆ ಮೊಕದ್ದಮೆಯಾಯಿತು, ಆಗಬೇಕಾದುದೇ. ಆದರೆ ಆ ಸುದ್ದಿಯನ್ನು ಮನೆಯಲ್ಲಿ ಕುಳಿತು ಮುಂದಕ್ಕೆ ಕಳುಹಿಸಿ ಊಟ ಮಾಡಿ ಮಲಗಿದವರೆಷ್ಟು ಮಂದಿಯೋ! ತಾವು ಯಾರನ್ನೂ ಮುಟ್ಟಿಲ್ಲವೆಂಬುದು ಅವರ ಸಮಾಧಾನ. ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಮಿತಿ ಹಾಕಿತು. ಐದನ್ನು ಯಂತ್ರ ಎಣಿಸೀತು. ಒಂದನ್ನೂ ಕಳುಹಿಸದಿರುವ ವಿವೇಕವನ್ನು ಯಂತ್ರ ಕೊಡಲಾರದು. ಸುದ್ದಿಯನ್ನು ದಾಟಿಸುವ ಪ್ರತಿಯೊಬ್ಬನೂ ಆ ಗಳಿಗೆಯಲ್ಲಿ ಆಪ್ತನ ಸ್ಥಾನದಲ್ಲಿ ಕುಳಿತಿರುತ್ತಾನೆ. ‘ಇದನ್ನು ನಾನು ತಿಳಿದಿದ್ದೇನೆಯೇ? ಇದ್ದಂತೆ ಹೇಳುವ ಇಚ್ಛೆ ನನ್ನದೇ?’ ಎಂಬ ಎರಡು ಪ್ರಶ್ನೆಗಳಿಂದ ಅವನಿಗೆ ಬಿಡುಗಡೆಯಿಲ್ಲ.

ಹಾಗಾದರೆ ಕೇಳುವುದನ್ನು ಕಲಿಯುವುದು ಹೇಗೆ? ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಹುಟ್ಟಿದ ನೆಲ ನಮ್ಮದು. ನಮ್ಮ ತಾಳಮದ್ದಳೆಯಲ್ಲಿ ವಾಲಿವಧೆಯ ಪ್ರಸಂಗವೆಂದರೆ ಸಭೆ ತುಂಬುತ್ತದೆ. ಸೇರಿದವರೆಲ್ಲ ರಾಮಭಕ್ತರೇ. ಆದರೂ ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಒಂದೊಂದಾಗಿ ಪ್ರಶ್ನಿಸುವಾಗ ಅವರು ಉಸಿರು ಬಿಗಿಹಿಡಿದು ಕೇಳುತ್ತಾರೆ. ವಾಲಿಯ ಅರ್ಥಧಾರಿ ಬಲವಾದ ತರ್ಕ ಹೂಡಿದಷ್ಟೂ ಮೆಚ್ಚುತ್ತಾರೆ. ದೇವರಿಗೆ ಅವಮಾನವಾಯಿತೆಂದು ಎದ್ದುಹೋಗುವುದಿಲ್ಲ. ಎದುರಾಳಿಯ ಪೀಠಿಕೆ ಮುಗಿಯುವ ತನಕ ರಾಮನ ಅರ್ಥಧಾರಿಯೂ ಕಾಯುತ್ತಾನೆ. ವಾಲಿಯ ಪ್ರಶ್ನೆಯನ್ನು ಗಿಡ್ಡಗೊಳಿಸಿ ಉತ್ತರ ಹೇಳಿದರೆ ಸಭೆ ಅವನನ್ನು ಒಪ್ಪದು. ನಾಳೆ ಇನ್ನೊಂದು ಕೂಟದಲ್ಲಿ ಇವನೇ ಕೌರವನಾಗುತ್ತಾನೆ, ಅವನೇ ಕೃಷ್ಣನಾಗುತ್ತಾನೆ. ಶಾಸ್ತ್ರಕಾರರು ಪೂರ್ವಪಕ್ಷವೆಂದು ಕರೆದುದನ್ನು ನಮ್ಮ ಅಕ್ಷರ ಬಾರದ ಹಿರಿಯರೂ ರಾತ್ರಿಯಿಡೀ ಕುಳಿತು ಕೇಳಿ ಕಲಿತಿದ್ದರು. ಅದೇ ಊರಿನ ಮನೆಗಳಲ್ಲಿ ಇಂದು ಸಂಜೆಯ ಹೊತ್ತಿಗೆ ವಾಹಿನಿಯ ಚರ್ಚೆ ನಡೆಯುತ್ತದೆ. ಎಂಟು ಮಂದಿ ಒಟ್ಟಿಗೆ ಕೂಗುತ್ತಾರೆ. ಯಾರ ಪೀಠಿಕೆಯೂ ಮುಗಿಯುವುದಿಲ್ಲ. ಮತದ ಪ್ರತಿನಿಧಿಯೆಂದು ಕರೆತಂದವನು ಆ ಮತದಲ್ಲಿ ಅತಿ ಗಟ್ಟಿಯಾಗಿ ಮಾತಾಡುವವನೇ ಹೊರತು ಅತಿ ಚೆನ್ನಾಗಿ ತಿಳಿದವನಾಗಿರುವುದು ಅಪರೂಪ.

ಅಧ್ಯಾಪಕ ವೃತ್ತಿಯಲ್ಲಿದ್ದವರಿಗೆಲ್ಲ ತಿಳಿದ ಒಂದು ಸತ್ಯವಿದೆ. ಇಬ್ಬರು ಹುಡುಗರು ಜಗಳವಾಡಿದಾಗ ಮೊದಲು ಓಡಿಬಂದು ದೂರು ಹೇಳಿದವನ ಮಾತೇ ನಿಜವೆಂದು ತೋರುತ್ತದೆ. ಎರಡನೆಯವನನ್ನು ಕರೆಸಿದ ಮೇಲೆ ಕಥೆಗೆ ಇನ್ನೊಂದು ಮಗ್ಗುಲು ಬರುತ್ತದೆ. ಎರಡನೆಯವನನ್ನು ಕರೆಸುವ ತನಕ ಬೆತ್ತ ಮೇಜಿನ ಮೇಲಿರಬೇಕು. ನಾಗರಿಕನಿಗೂ ಇದಕ್ಕಿಂತ ದೊಡ್ಡ ಸೂತ್ರ ಬೇಕಾಗಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ದುಡಿದು ಬಂದವನಿಗೆ ಎರಡೆರಡು ಪತ್ರಿಕೆ ಓದಿ ಸತ್ಯಶೋಧನೆ ಮಾಡಲು ಬಿಡುವೆಲ್ಲಿದೆ ಎಂಬುದು ಮೊದಲನೆಯದು. ಎಲ್ಲವನ್ನೂ ತಿಳಿಯಬೇಕೆಂದು ಯಾರೂ ಹೇಳುವುದಿಲ್ಲ. ತಿಳಿಯದ ವಿಷಯದಲ್ಲಿ ತೀರ್ಪು ಕೊಡದಿರಲು ಬಿಡುವು ಬೇಕಾಗಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ಕಣ್ಣೆದುರು ಅನ್ಯಾಯ ನಡೆಯುವಾಗ ‘ಎರಡೂ ಕಡೆ ಕೇಳೋಣ’ ಎಂದು ಕುಳಿತುಕೊಳ್ಳುವುದು ಹೇಡಿತನವಲ್ಲವೇ? ಹೌದು, ಕೆಲವೊಮ್ಮೆ ಹೇಡಿತನವೇ. ಆದುದರಿಂದ ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಕಾಯಬಾರದು ಎಂಬ ವಿವೇಚನೆ ಬೇಕು. ಮನೆಗೆ ಬೆಂಕಿ ಹಾಕಿದುದು ತಪ್ಪೆಂದು ಹೇಳಲು ಯಾವ ವಿಚಾರಣೆಯೂ ಬೇಡ. ಹಾಕಿದವನು ನಮ್ಮವನಾದರೂ ಆ ಕ್ಷಣವೇ ಹೇಳಬೇಕು. ಹಾಕಿದವನು ಯಾರೆಂದು ಹೇಳಲು ವಿಚಾರಣೆ ಮುಗಿಯಬೇಕು. ಅವನ ಮತದವರೆಲ್ಲ ಬೆಂಕಿ ಹಾಕುವವರೆಂದು ಹೇಳುವ ಅಧಿಕಾರ ಮಾತ್ರ ಯಾವ ವಿಚಾರಣೆಯ ಕೊನೆಗೂ ಬಾರದು. ಕೃತ್ಯದಿಂದ ಕರ್ತೃವಿಗೆ, ಕರ್ತೃವಿನಿಂದ ಕುಲಕ್ಕೆ ಸಾಗುವ ಈ ದಾರಿಯಲ್ಲಿ ಎರಡನೆಯ ಹೆಜ್ಜೆಯನ್ನು ಸುದ್ದಿ ಬಹಳ ಬೇಗ ಇಡಿಸುತ್ತದೆ. ರಾಜಕಾರಣಕ್ಕೆ ಅದು ಲಾಭ, ವಾಹಿನಿಗೆ ಅದು ವ್ಯಾಪಾರ. ಅಲ್ಲಿ ನಿಲ್ಲಬೇಕಾದವನು ಕೇಳುವವನು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಎರಡು ಭಾಷೆಗಳ ನಡುವೆ ಬದುಕಿದ್ದೇವೆ. ಅದನ್ನು ಕೊರತೆಯೆಂದೇ ಬಹಳ ಸಲ ಹೇಳಿಕೊಂಡಿದ್ದೇವೆ. ಅದಕ್ಕೆ ಕಾರಣಗಳೂ ಇವೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಬಂದಾಗ ನಮ್ಮವರು ಬೀದಿಗಿಳಿದರು. ಅದೇ ಹೋರಾಟ ಒಂದು ಭಾಷೆಯಲ್ಲಿ ಹಕ್ಕಿನ ಕೂಗಾಗಿಯೂ ಇನ್ನೊಂದರಲ್ಲಿ ಹಟಮಾರಿತನವಾಗಿಯೂ ತೋರಬಲ್ಲುದೆಂಬುದನ್ನು ನಾವು ಅನುಭವದಿಂದ ಬಲ್ಲೆವು. ಅಲ್ಪಸಂಖ್ಯಾತರಾಗಿ ಸುದ್ದಿಯಾಗುವುದು ಹೇಗಿರುತ್ತದೆಂದು ಯಾರೂ ನಮಗೆ ಕಲಿಸಬೇಕಾಗಿಲ್ಲ. ಎರಡು ಭಾಷೆ ಬಲ್ಲವನಿಗೆ ಎರಡನೆಯ ಹುಡುಗನನ್ನು ಕರೆಸುವ ಅನುಕೂಲ ಮನೆಯಲ್ಲಿಯೇ ಇದೆ. ಬೆಂಗಳೂರಿನ ಓದುಗನಿಗೂ ತಿರುವನಂತಪುರದ ಓದುಗನಿಗೂ ಇಲ್ಲದ ಈ ಅನುಕೂಲ ಒಂದು ಹೊಣೆಯೂ ಹೌದು.

ನಮ್ಮ ಊರುಗಳ ವಾಚನಾಲಯಗಳಲ್ಲಿ ಕನ್ನಡ ಪತ್ರಿಕೆಯೂ ಮಲಯಾಳ ಪತ್ರಿಕೆಯೂ ಒಂದೇ ಮೇಜಿನ ಮೇಲೆ ಇಂದಿಗೂ ಬಿದ್ದಿರುತ್ತವೆ. ಸಾಹಿತ್ಯ ಸಮ್ಮೇಳನಗಳಲ್ಲಿ ಕನ್ನಡವನ್ನು ಉಳಿಸುವ ಬಗ್ಗೆ ನಿರ್ಣಯಗಳಾಗುತ್ತವೆ, ಆಗಲಿ. ಅದರೊಂದಿಗೆ ನಮ್ಮ ಸಂಘಗಳೂ ಶಾಲೆಗಳೂ ವಾರಕ್ಕೊಮ್ಮೆ ಹತ್ತು ಮಕ್ಕಳನ್ನು ಆ ಮೇಜಿನ ಸುತ್ತ ಕೂರಿಸಲಿ. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಿಂದ ಗಟ್ಟಿಯಾಗಿ ಓದಿಸಲಿ. ಎರಡರಲ್ಲಿಯೂ ಇರುವುದೇನು, ಒಂದರಲ್ಲಿ ಮಾತ್ರ ಇರುವುದೇನು, ಎರಡೂ ಬಿಟ್ಟಿರುವುದೇನು ಎಂದು ಅವರಿಂದಲೇ ಬರೆಯಿಸಲಿ. ಖರ್ಚಿಲ್ಲದ ಈ ಪಾಠಕ್ಕೆ ಪಠ್ಯಪುಸ್ತಕ ಬೇಡ, ಸರಕಾರದ ಆಜ್ಞೆ ಬೇಡ. ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ಆ ಮಕ್ಕಳು ಮೇಜಿನಿಂದೆದ್ದು ನೆರೆಮನೆಗೆ ಹೋಗಿ ಕೇಳಬೇಕಾಗುತ್ತದೆ. ಅಷ್ಟಾದರೆ ಪಾಠ ಸಫಲವಾಯಿತು.